ಖಾಲಿ ಸುತ್ತಿನಲ್ಲಿ ಬಂದ ವಾಸನೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಎಂಜಿನ್ ಕೋಣೆಯ ಏಣಿ ಇಳಿಯುವಾಗ ಕಂಬಿ ಹಿಡಿದುಕೋ ಎಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು. ಈಗ ಹೇಳುವವರಿಲ್ಲವೆಂದು ನೀನು ಎರಡೂ ಕೈ ಬಿಟ್ಟು ಓಡಾಡುತ್ತಿರುತ್ತೀ, ನನಗೆ ಗೊತ್ತಿಲ್ಲವೇ? ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಕಂಬಿ ಹಿಡಿದುಕೋ. ರಾತ್ರಿಯ ಮಾತ್ರೆ ಮರೆಯಬೇಡ. ಹಡಗಿನ ಅಡುಗೆಯವನು ಉಪ್ಪು ಜಾಸ್ತಿ ಹಾಕಿದರೆ ದಾಕ್ಷಿಣ್ಯ ನೋಡದೆ ಹೇಳು. ನಾನು ಚೆನ್ನಾಗಿದ್ದೇನೆ. ಚಿಕ್ಕಮ್ಮನೂ ಚೆನ್ನಾಗಿದ್ದಾಳೆ, ದಿನಕ್ಕೊಂದು ಸಲವಾದರೂ ಎರಡು ಬೀದಿ ದಾಟಿ ಬಂದು ನಾನು ಉಂಡೆನೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೋಗುತ್ತಾಳೆ. ತನ್ನಕ್ಕ ಹೋದ ಮೇಲೆ ಅವಳಿಗೆ ಬೈಯಲು ನಾನೊಬ್ಬಳೇ ಉಳಿದಿರುವುದು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಬಂದರು ಸಿಕ್ಕಾಗಲೆಲ್ಲ ನೀನು ಫೋನ್ ಮಾಡುತ್ತೀ, ಇಲ್ಲವೆನ್ನುವುದಿಲ್ಲ. ಆದರೆ ಮಾತು ಮನೆಯ ಕಡೆ ತಿರುಗಿತೋ, "ಲೈನ್ ಸರಿಯಿಲ್ಲ ಪುಟ್ಟಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಲೈನ್ ಕೆಡುವ ಕಾಯಿಲೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೋದ ಸಲದ ಕಾಗದದಲ್ಲಿ ಒಂದು ಪ್ರಶ್ನೆ ಇತ್ತು, ಒಂದು ಅಪ್ಪಣೆ ಇತ್ತು. ಪರಿಸರ ವಿಜ್ಞಾನ ಓದಿದವರಿಗೆ ಮುಂದೇನು ದಾರಿ, ನನ್ನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಅಮ್ಮನ ಬೀರು ಖಾಲಿ ಮಾಡಿ, ಮನೆ ಬಾಡಿಗೆಗೆ ಕೊಟ್ಟು, ಕೆಲಸದ ಹತ್ತಿರ ಹಾಸ್ಟೆಲ್ ಸೇರಿಕೋ ಎಂಬುದು ಅಪ್ಪಣೆ. ನೀನು ಬರೆಯದೆ ಬಿಟ್ಟ ಮೂರನೆಯ ಸುದ್ದಿ ನನಗೆ ಹಡಗಿನ ಕಂಪನಿಯ ಗುಮಾಸ್ತರಿಂದ ಗೊತ್ತಾಯಿತು. ಇನ್ನೊಂದು ವರ್ಷಕ್ಕೆ ಒಪ್ಪಂದ ಮುಂದುವರಿಸುವ ಕಾಗದ ನಿನ್ನ ಮುಂದಿದೆಯಂತೆ, ತಿಂಗಳ ಕೊನೆಯೊಳಗೆ ಸಹಿ ಹಾಕುತ್ತೀಯಂತೆ. ಅಮ್ಮ ಹೋದ ಮೇಲೆ ಹೀಗೆ ಮುಂದುವರಿಸುತ್ತಿರುವುದು ಇದು ಮೊದಲ ಸಲವಲ್ಲ. ಈ ಸಲವೂ ಹಾಕಿದರೆ ನೀನು ತಿರುಗಿ ಬರುವ ಹೊತ್ತಿಗೆ ಈ ಮನೆಯ ಬಾಗಿಲನ್ನು ಬೇರೆ ಯಾರೋ ತೆರೆಯುತ್ತಾರೆ.

ಮೊದಲು ಪ್ರಶ್ನೆಗೆ ಬರುತ್ತೇನೆ. ಈ ಓದಿಗೆ ದಾರಿಗಳು ಬೇಕಾದಷ್ಟಿವೆ ಅಪ್ಪಾ, ಯಾವುದು ಎಲ್ಲಿಗೆ ಹೋಗಿ ಸೇರುತ್ತದೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ನಮ್ಮ ತರಗತಿಯನ್ನೇ ತೆಗೆದುಕೋ. ಮೊದಲ ಬೆಂಚಿನ ಜಾಣೆ ಈಗ ಬಣ್ಣದ ಕಾರ್ಖಾನೆಯೊಂದರಲ್ಲಿ ಹೊರಹೋಗುವ ನೀರನ್ನು ಪರೀಕ್ಷೆ ಮಾಡುತ್ತಾಳೆ. ಸಂಬಳ ಚೆನ್ನಾಗಿದೆ, ಆದರೆ ಅವಳು ಬೇಡವೆಂದ ದಿನ ನೀರು ಬಿಡುವಂತಿಲ್ಲವಾದ್ದರಿಂದ ಮಾಲೀಕನಿಗೆ ಅವಳ ಮುಖ ಕಂಡರಾಗುವುದಿಲ್ಲ. ಕಪ್ಪೆರಾಯ ನೆನಪಿದ್ದಾನಾ, ನಮ್ಮ ಮನೆಗೆ ಬಂದು ಕೂತ ಕೂತಲ್ಲೇ ಇಡೀ ಬ್ರೆಡ್ಡು ಮುಗಿಸಿದವನು? ಅವನು ಈಗ ನಿಜವಾಗಿಯೂ ಕಪ್ಪೆ ಎಣಿಸುತ್ತಿದ್ದಾನೆ. ಜೌಗು ನೆಲದಲ್ಲಿ ಟೆಂಟು, ಕಾಲಿಗೆ ಜಿಗಣೆ, ಮುಖದಲ್ಲಿ ಮಾತ್ರ ಮದುಮಗನ ಕಳೆ. ಸಂಶೋಧನೆಯ ಹಣ ಮುಗಿದ ದಿನ ಕೆಲಸವೂ ಮುಗಿಯುತ್ತದೆ, ಅವನಿಗೆ ಅದರ ಚಿಂತೆಯೇ ಇಲ್ಲ. ಮಾತಿನ ಮಲ್ಲಿ ಸೋಲಾರ್ ಮಾರುತ್ತಾಳೆ; ಬಿಸಿಲು ಬೀಳದ ಮನೆಗೂ ಮಾರಿದ್ದಾಳೆಂದು ಕೇಳಿದೆ. ಒಬ್ಬಳು ಕಾನೂನು ಓದಲು ಹೋದಳು, ಇಬ್ಬರು ಮೇಷ್ಟರಾದರು, ಒಬ್ಬ ಬ್ಯಾಂಕು ಸೇರಿ ನಮ್ಮ ಗುಂಪಿನಿಂದ ಸದ್ದಿಲ್ಲದೆ ಜಾರಿಕೊಂಡ. ರಸ್ತೆಯೋ ಸೇತುವೆಯೋ ಬಂದರೆ ಸುತ್ತಲಿನ ಮಣ್ಣಿಗೆ ನೀರಿಗೆ ಏನಾಗುತ್ತದೆಂದು ವರದಿ ಬರೆಯುವ ಕಂಪನಿಯಲ್ಲಿ ಇನ್ನೊಬ್ಬ ಇದ್ದಾನೆ. ಹೋದ ತಿಂಗಳು ಅವನೇ ಹೇಳಿದ್ದು, "ಕಣ್ಣಾರೆ ನೋಡದೇ ಇರೋ ಹೊಳೆಗಳ ಬಗ್ಗೆ ಎಷ್ಟು ಬರೆದಿದ್ದೀನಿ ಅಂದ್ರೆ, ಈಗ ಅವೇ ಕನಸಲ್ಲಿ ಬಂದು ನನ್ನ ನೋಡ್ಕೊಂಡು ಹೋಗ್ತಾವೆ ಕಣೇ." ನಾನು ನಕ್ಕೆ. ಆಗಲೇ ನನ್ನದೂ ಶುರುವಾಗಿತ್ತು, ಅವನಿಗೆ ಹೇಳಲಿಲ್ಲ.

ನಿನ್ನ ಮಗಳು ಮೂಗಿನ ದಾರಿ ಹಿಡಿದದ್ದು ನಿನಗೆ ಗೊತ್ತೇ ಇದೆ. "ಇಷ್ಟೆಲ್ಲ ಓದಿ ಕೊನೆಗೆ ಕಸದ ವಾಸನೆ ನೋಡೋ ಕೆಲ್ಸಾನಾ?" ಎಂದು ನೀನೇ ಕೇಳಿದ್ದೆ. ಹೌದಪ್ಪಾ, ಅದೇ. ಊರ ಹೊರಗೆ ಕಸ ಕೊಳೆಸಿ ಗೊಬ್ಬರ ಮಾಡುವ ಘಟಕವೊಂದಿದೆ, ಅದರ ಪಕ್ಕದಲ್ಲೇ ಬಡಾವಣೆ. ನಾತ ತಡೆಯಲಾಗುವುದಿಲ್ಲ ಎಂದು ಜನ, ಅಂಥದ್ದೇನಿಲ್ಲ ಎಂದು ಘಟಕದವರು. ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಎಂದು ಯಂತ್ರ ಹೇಳಬಲ್ಲದು. ಅದು ಮನುಷ್ಯರಿಗೆ ನಾರುತ್ತದೋ ಇಲ್ಲವೋ ಎಂದು ಮನುಷ್ಯರ ಮೂಗೇ ಹೇಳಬೇಕು. ಅದಕ್ಕಾಗಿ ಆ ಗಾಳಿಯನ್ನು ದೊಡ್ಡ ದೊಡ್ಡ ಚೀಲಗಳಲ್ಲಿ ತುಂಬಿ ನಮ್ಮ ಪ್ರಯೋಗಾಲಯಕ್ಕೆ ತರುತ್ತಾರೆ. ಅಲ್ಲಿ ಮೂಗು ಕೊಡುವವರು ಸಾಮಾನ್ಯ ಜನ. ಒಬ್ಬರು ನಿವೃತ್ತ ಬಸ್ ಡ್ರೈವರ್, ಒಬ್ಬರು ದರ್ಜಿ, ಅವಳಿ ಮಕ್ಕಳ ತಾಯಿಯೊಬ್ಬರು. ಮೂಗು ಮೊಂಡಾದವರು ಬೇಡ, ಬಹಳ ಚುರುಕಾದವರೂ ಬೇಡ. ಅತ್ತರಿನ ಅಂಗಡಿಯಲ್ಲಿದ್ದ ಹುಡುಗಿಯೊಬ್ಬಳನ್ನು ಅತಿ ಚುರುಕು ಎಂದು ವಾಪಸ್ಸು ಕಳಿಸಿದರು. ಬೇಕಾದದ್ದು ಸರಾಸರಿ ಮೂಗು. ಶಾಲೆಯುದ್ದಕ್ಕೂ ಸರಾಸರಿ ಅಂಕ ತಂದು ನಿನ್ನಿಂದ ಬೈಸಿಕೊಂಡ ನನಗೆ ಕಡೆಗೂ ಆ ಗುಣಕ್ಕೊಂದು ಬೆಲೆ ಬಂತು. ಯಂತ್ರ ನಡೆಸುವುದು, ವರದಿಗೆ ಸಹಿ ಹಾಕುವುದು ನಮ್ಮಂಥ ಪದವೀಧರರ ಕೆಲಸ. ಆದರೆ ಖಾಯಂ ಆಗುವ ಮುಂಚೆ ನಾವೂ ಕೆಲವು ತಿಂಗಳು ಅವರೊಂದಿಗೆ ಕುಳಿತು ಸ್ವಂತ ಮೂಗನ್ನು ಪಾಸು ಮಾಡಿಸಬೇಕು.

ನಿಯಮಗಳು ಮಾತ್ರ ಮಡಿವಂತರಿಗಿಂತ ಜಾಸ್ತಿ. ಸೆಂಟು ಕೂಡದು, ಪರಿಮಳದ ಸೋಪು ಕೂಡದು, ಬರುವ ಮುಂಚೆ ಕಾಫಿ ಕುಡಿಯಕೂಡದು, ನೆಗಡಿ ಬಂದರೆ ರಜೆ. ಒಂದು ಬಿಳಿ ಹತ್ತಿಯ ಕೋಟು ಕೊಟ್ಟಿದ್ದಾರೆ, ಅದನ್ನು ವಾಸನೆಯಿಲ್ಲದ ಪುಡಿಯಲ್ಲಿ ಒಗೆದು ಅಡುಗೆಮನೆಯ ಗಾಳಿ ಸೋಕದ ಕಡೆ ಇಡಬೇಕು. ಚಿಕ್ಕಮ್ಮನ ಸೆಂಟು ನಿನಗೆ ಗೊತ್ತಲ್ಲ, ಅವಳಿಗಿಂತ ಮೊದಲು ಅದೇ ಬಂದು ಬಾಗಿಲು ತಟ್ಟುತ್ತದೆ. ಕೆಲಸದ ದಿನ ನನ್ನನ್ನು ಮುಟ್ಟಬೇಡ ಎಂದಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದಳು. ಕೆಲಸ ನಡೆಯುವುದು ಕಿಟಕಿಯಿಲ್ಲದ ಬಿಳಿ ಕೋಣೆಯಲ್ಲಿ. ಮುಂದೆ ಮೂರು ಉಕ್ಕಿನ ಬಟ್ಟಲು, ಮೂರರಿಂದಲೂ ಸಣ್ಣಗೆ ಗಾಳಿ ಬರುತ್ತಿರುತ್ತದೆ. ಎರಡರಲ್ಲಿ ಶುದ್ಧ ಗಾಳಿ, ಒಂದರಲ್ಲಿ ಮಾತ್ರ ಚೀಲದ ಗಾಳಿಯನ್ನು ತೆಳುವಾಗಿ ಬೆರೆಸಿರುತ್ತಾರೆ. ಬಗ್ಗಿ ಒಂದೊಂದನ್ನೇ ಮೂಸಿ ಯಾವುದೆಂದು ಗುಂಡಿ ಒತ್ತಬೇಕು. ಒತ್ತಿದ ಮೇಲೆ ಇನ್ನೊಂದು ಗುಂಡಿ: ಊಹೆಯೋ, ಇರಬಹುದೋ, ಖಂಡಿತವೋ. ನಡುನಡುವೆ ನಮಗೆ ತಿಳಿಸದೆ ಮೂರರಲ್ಲೂ ಬರೀ ಶುದ್ಧ ಗಾಳಿ ಬಿಡುತ್ತಾರೆ, ನಾವು ಸುಳ್ಳು ಹೇಳುತ್ತೇವೋ ಎಂದು ನೋಡಲು. ಅದಕ್ಕೆ ಖಾಲಿ ಸುತ್ತು ಎನ್ನುತ್ತಾರೆ. ಆಗ ಏನೂ ಇಲ್ಲ ಎಂದು ಒತ್ತಬೇಕು.

ಅಂಥದ್ದೊಂದು ಸುತ್ತಿನಲ್ಲಿ ಅಮ್ಮ ಬಂದಳು.

ಹೇಗೆ ಹೇಳಲಿ? ಮೂರನೆಯ ಬಟ್ಟಲಿನಿಂದ ತಲೆ ಎತ್ತಿದೆ. ಬೈಂಡಿಂಗ್ ಅಂಟು, ಹಳೆಯ ಕಾಗದ, ಇಡೀ ದಿನ ಪುಸ್ತಕ ಹೊಲಿದು ನೋಯುವ ಮಣಿಕಟ್ಟಿಗೆ ಅವಳು ಉಜ್ಜುತ್ತಿದ್ದ ಮುಲಾಮು. ಮೂರೂ ಸೇರಿ ಆಗುತ್ತಿದ್ದ ಆ ಒಂದು ವಾಸನೆ, ಬೇರೆ ಯಾರದೂ ಅಲ್ಲದ್ದು. ಪ್ರೆಸ್ಸಿನಿಂದ ಬಂದವಳು ನನ್ನ ಬೆನ್ನ ಹಿಂದೆ ನಿಂತು ಏನು ಓದುತ್ತಿದ್ದೀಯೆಂದು ಭುಜದ ಮೇಲಿಂದ ಬಗ್ಗಿ ನೋಡಿದ ಹಾಗಾಯಿತು. ತಿರುಗಿ ನೋಡಿದೆ. ಬಿಳಿ ಗೋಡೆ ಬಿಟ್ಟರೆ ಏನಿಲ್ಲ. ಕೈ ತಾನಾಗಿ ಗುಂಡಿಗೆ ಹೋಯಿತು, 'ಖಂಡಿತ' ಎಂದು ಒತ್ತಿದೆ. ಯಂತ್ರ ತಪ್ಪು ಎಂದಿತು. ನನಗೆ ಭಯವಾಯಿತು, ಜೊತೆಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳು ಪ್ರೆಸ್ಸಿನಲ್ಲಿ ಕೂತಲ್ಲೇ ಕುಸಿದ ದಿನದಿಂದ ಒಂದು ಸಲವೂ ನನ್ನ ಕನಸಿಗೆ ಬಂದಿರಲಿಲ್ಲ. ಅತ್ತು ಕರೆದರೂ ಬಾರದವಳು ಕಸ ಅಳೆಯುವ ಕೋಣೆಗೆ ಬಂದಿದ್ದಳು.

ಆಮೇಲೆ ಮತ್ತೆ ಮತ್ತೆ ಬಂದಳು. ನಾರುವ ಸುತ್ತುಗಳಲ್ಲಿ ಬರುತ್ತಿರಲಿಲ್ಲ, ಖಾಲಿ ಸುತ್ತಿಗೇ ಕಾದಿದ್ದು ಬರುತ್ತಿದ್ದಳು. ನಾನೂ ಕಾಯತೊಡಗಿದೆ ಅಪ್ಪಾ. ಬೆಳಿಗ್ಗೆ ಬಸ್ಸಿನಲ್ಲಿ ಕೂತರೆ ಇವತ್ತು ಎಷ್ಟು ಖಾಲಿ ಸುತ್ತು ಬಿಡುತ್ತಾರೋ ಎಂಬುದೇ ಯೋಚನೆ. ಕೋಣೆಯ ಬಾಗಿಲು ಹಾಕುವಾಗ ಅವಳೂ ಒಳಗೆ ಬರಲೆಂದು ಒಂದು ಕ್ಷಣ ತಡೆದು ಹಾಕುತ್ತಿದ್ದೆ. ಮನೆಗೆ ಬಂದರೆ ಮಾತ್ರ ಯಾವ ಮೂಲೆಯಲ್ಲೂ ಅವಳ ಸುಳಿವಿಲ್ಲ. ಅವಳ ದಿಂಬಿಗೆ ಮುಖ ಒತ್ತಿ ನೋಡಿದೆ, ಬರೀ ಬಟ್ಟೆ. ಸತ್ತವರು ಮನೆ ಬಿಟ್ಟು ಮಗಳ ಆಫೀಸು ಹಿಡಿಯುತ್ತಾರೆಂದು ಎಲ್ಲಾದರೂ ಕೇಳಿದ್ದೀಯಾ? ಚಿಕ್ಕಮ್ಮನಿಗೆ ಬಾಯಿಬಿಟ್ಟೆ. ಅವಳು ಬಿಳಿಚಿಕೊಂಡು, "ಆ ಮನೇಲಿ ಇನ್ನು ಒಬ್ಬಳೇ ಇರ್ಬೇಡ, ನಡಿ ನನ್ ಜೊತೆ" ಎಂದು ಅಲ್ಲೇ ನನ್ನ ಬಟ್ಟೆ ಗಂಟು ಕಟ್ಟತೊಡಗಿದಳು. ನಾನು ಹೋಗಲಿಲ್ಲ. ಅಮ್ಮ ಮನೆಗೂ ಬಂದರೆ ಬಾಗಿಲಿಗೆ ಬೀಗ ಇರಬಾರದಲ್ಲ.

ಆದರೆ ಯಂತ್ರಕ್ಕೆ ಇದೆಲ್ಲ ಅರ್ಥವಾಗುತ್ತದೆಯೇ? ಶುದ್ಧ ಗಾಳಿಯಲ್ಲಿ ವಾಸನೆ ಇದೆ ಎನ್ನುವ ಮೂಗು ನಂಬಲು ಬರುವುದಿಲ್ಲ. ಅಂಥ ತಪ್ಪು ಮಿತಿ ಮೀರಿದ ದಿನದ ಇಡೀ ಪರೀಕ್ಷೆ ರದ್ದು. ನನ್ನಿಂದ ಎರಡು ದಿನದ ಪರೀಕ್ಷೆ ಕಸದ ಬುಟ್ಟಿ ಸೇರಿತು. ನಾತ ಕುಡಿಯುತ್ತಾ ಕೂತ ಬಡಾವಣೆಯ ಜನ ಇನ್ನೊಂದು ವಾರ ಕಾಯಬೇಕಾಯಿತು. ನಮ್ಮ ಮುಖ್ಯಸ್ಥೆಯನ್ನು ಎದುರಿಗೆ ಮೇಡಂ ಎನ್ನುತ್ತೇವೆ, ಬೆನ್ನ ಹಿಂದೆ ಮೂಗೇಶ್ವರಿ. ಅವರು ನನ್ನನ್ನು ಒಳಗೆ ಕರೆದು, ಸುತ್ತಿ ಬಳಸದೆ ಹೇಳಿದರು: ಇನ್ನೊಮ್ಮೆ ಹೀಗಾದರೆ ಮೂಗಿನ ಕುರ್ಚಿಯೂ ಇಲ್ಲ, ಖಾಯಂ ಕೆಲಸವೂ ಇಲ್ಲ. ಏನು ವಾಸನೆ ಬರುತ್ತಿದೆ ನಿನಗೆ ಎಂದು ಕೇಳಿದರು. ಸುಳ್ಳು ಹೇಳೋಣವೆಂದುಕೊಂಡೆ, ನಾಲಿಗೆ ಹೊರಳಲಿಲ್ಲ. ಹೇಳಿಬಿಟ್ಟೆ. ಅವರು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಎದ್ದು ಬಂದು, ಅನುಮತಿಯನ್ನೂ ಕೇಳದೆ, ನನ್ನ ಕೋಟಿನ ಕಾಲರಿಗೆ ಮೂಗು ಹಚ್ಚಿದರು. ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದುಕೊಂಡು, "ಅಂಟು. ಹಳೇ ಪೇಪರ್. ಮತ್ತೇನೋ ನೋವಿನ ಮುಲಾಮು" ಎಂದರು. ಆಮೇಲೆ, "ಯಾರದಿದು?" ಎಂದು ಕೇಳಿದರು.

ಏನಿದು ಎಂದು ಕೇಳಲಿಲ್ಲ ಅಪ್ಪಾ. ಯಾರದಿದು ಎಂದರು. ಅಮ್ಮನನ್ನು ಒಂದು ದಿನವೂ ನೋಡದ ಹೆಂಗಸು ಅವಳನ್ನು ನನ್ನ ಕೊರಳಿನ ಹತ್ತಿರ ಕಂಡುಹಿಡಿದರು. ನಮ್ಮಮ್ಮಂದು ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಮೂಗೇಶ್ವರಿ ಕರವಸ್ತ್ರ ಕೊಟ್ಟರು, ಅದಕ್ಕೂ ಯಾವ ವಾಸನೆಯೂ ಇರಲಿಲ್ಲ. ಕೋಟು ಎಲ್ಲಿಡ್ತೀಯ ಎಂದು ಆಮೇಲೆ ಕೇಳಿದರು. ಒಗ್ಗರಣೆಯ ಹೊಗೆಯಾಗಲಿ, ಚಿಕ್ಕಮ್ಮನ ಸೆಂಟಾಗಲಿ ತಲುಪದ ಜಾಗ ನಮ್ಮ ಮನೆಯಲ್ಲಿ ಒಂದೇ, ಹಿಂದಿನ ಕೋಣೆಯ ಅಮ್ಮನ ಬೀರು. ನಿಯಮ ಪಾಲಿಸುವ ಭರದಲ್ಲಿ ಕೋಟನ್ನು ಅವಳ ಬಟ್ಟೆಗಳ ನಡುವೆ ನೇತುಹಾಕಿದ್ದೆ. ಮೊದಲ ದಿನ ಬಾಗಿಲು ತೆರೆದಾಗ ಉಸಿರು ಕಟ್ಟುವ ಹಾಗೆ ಅವಳ ವಾಸನೆ ಬಂದಿತ್ತು. ನಾಲ್ಕಾರು ದಿನದಲ್ಲಿ ಅದು ಬರುವುದು ನಿಂತಿತು, ಹೊರಟುಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ. ಹತ್ತಿಯ ಬಟ್ಟೆ ದಿನವೂ ಅಷ್ಟಷ್ಟೇ ಅವಳನ್ನು ಹೀರಿಕೊಂಡು ನನ್ನ ಮೈಮೇಲೆ ಹೊತ್ತು ತರುತ್ತಿತ್ತು. ನಾರುವ ಸುತ್ತುಗಳಲ್ಲಿ ಕಸ ಅವಳನ್ನು ಮುಚ್ಚಿಬಿಡುತ್ತಿತ್ತು. ಖಾಲಿ ಸುತ್ತಿನ ಶುದ್ಧ ಗಾಳಿಯಲ್ಲಿ ತೊಳೆದಂತಾದ ಮೂಗಿಗೆ, ತಲೆ ಎತ್ತಿದೊಡನೆ ಮೊದಲು ಸಿಗುತ್ತಿದ್ದದ್ದು ನನ್ನದೇ ಕಾಲರು.

ದೆವ್ವವಲ್ಲ ಎಂದು ತಿಳಿದು ಚಿಕ್ಕಮ್ಮ ಎದೆ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟಳು. ನನಗೆ ಮಾತ್ರ ಅಮ್ಮ ಎರಡನೇ ಸಲ ಹೋದ ಹಾಗಾಯಿತು. ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದವಳು ಒಂದು ಒಗೆತಕ್ಕೆ ಹೋಗುವಷ್ಟೇ ಇದ್ದಳು. ಕೋಟು ಹಿಡಿದು ಬಚ್ಚಲಲ್ಲಿ ಬಹಳ ಹೊತ್ತು ಕೂತಿದ್ದೆ. ಒಗೆಯದಿದ್ದರೆ ಕೆಲಸ ಹೋಗುತ್ತದೆ. ಈ ಓದು ಬೇಕೆಂದು ನಾನು ಹಟ ಹಿಡಿದಾಗ ನಿನ್ನೆದುರು ನಿಂತು, "ಅವಳಿಗಿಷ್ಟ ಇರೋದನ್ನ ಓದ್ಲಿ ಬಿಡಿ, ದಾರಿ ಅವಳೇ ಹುಡುಕ್ಕೋತಾಳೆ" ಎಂದವಳು ಅವಳೇ ತಾನೇ. ಅವಳ ವಾಸನೆಗಾಗಿ ಅವಳು ಕೊಡಿಸಿದ ದಾರಿಯನ್ನೇ ಕಳೆದುಕೊಂಡರೆ ಅವಳು ನನ್ನನ್ನು ಬಿಡುತ್ತಾಳೆಯೇ? ಒಗೆದೆ. ಮೂರು ಸಲ ನೀರು ಬದಲಾಯಿಸಿದೆ. ಕೋಟು ಈಗ ಪ್ರಯೋಗಾಲಯದ ಕಬ್ಬಿಣದ ಪೆಟ್ಟಿಗೆಯಲ್ಲೇ ಇರುತ್ತದೆ. ಮಾರನೆಯ ವಾರದ ಖಾಲಿ ಸುತ್ತುಗಳಲ್ಲಿ ಬಗ್ಗಿದೆ, ತಲೆ ಎತ್ತಿದೆ, ಕಾದೆ, ಏನೂ ಇಲ್ಲ ಎಂದು ಒತ್ತಿದೆ. ಯಂತ್ರ ಪ್ರತಿ ಸಲವೂ ಸರಿ ಎಂದಿತು. ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇದು: ನಿನ್ನೆ ನನ್ನ ಕೆಲಸ ಖಾಯಂ ಆಯಿತು. ನಾತದ ವರದಿಯೂ ಹೋಯಿತು. ಕೊಳೆಸುವ ಹೊಂಡಗಳಿಗೆ ಮುಚ್ಚಿಗೆ ಹಾಕಲೇಬೇಕೆಂದು ಘಟಕದವರಿಗೆ ಹೇಳಿದ್ದಾರೆ. ಅಭಿನಂದನೆ ಹೇಳು, ಸ್ವಲ್ಪ ಜೋರಾಗಿಯೇ ಹೇಳು.

ಅಪ್ಪಾ, ನಿನ್ನ ಮೇಲೆ ನನಗೆ ಕೋಪವಿದೆ, ಅದನ್ನೂ ಬರೆದುಬಿಡುತ್ತೇನೆ. ನಿನ್ನ ಹಡಗು ದಡ ಸೇರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು, ಅದು ಯಾರ ತಪ್ಪೂ ಅಲ್ಲ. ಆದರೆ ಬಂದ ಮೇಲೆ ಇದ್ದ ಆ ಕೆಲವು ದಿನ ನೀನು ಹೊರಗಿನ ಕುರ್ಚಿಯಲ್ಲೇ ಮಲಗಿದೆ, ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಅವಳು ಇಲ್ಲದ ಮನೆಯನ್ನು ನೋಡದಿದ್ದರೆ ಅವಳು ಎಲ್ಲೋ ಇದ್ದಾಳೆಂದು ಅಂದುಕೊಂಡಿರಬಹುದು ಎಂಬುದು ನಿನ್ನ ಲೆಕ್ಕ. ನನಗೆ ಆ ಅನುಕೂಲ ಇಲ್ಲ. ನಾನು ದಿನವೂ ಅವಳಿಲ್ಲದ ಲೋಟದಲ್ಲೇ ನೀರು ಕುಡಿಯುತ್ತೇನೆ. ಅವಳಿಲ್ಲ ಎಂಬುದನ್ನು ಒಬ್ಬಳೇ ಹೊತ್ತು ಸಾಕಾಗಿದೆ, ಇನ್ನೊಬ್ಬರು ಒಂದು ತುದಿ ಹಿಡಿದರೆ ಚೆನ್ನಾಗಿತ್ತು.

ಹಡಗಿಗೆ ಹೋಗುವ ಅಂಚೆ ಚೀಲವನ್ನು ಕಂಪನಿಯವರು ಸಂಜೆ ಕಟ್ಟುತ್ತಾರೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಜೊತೆ ಕೆಲಸ ಮಾಡುವ ಹುಡುಗರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಚಿಕ್ಕಮ್ಮ ನಿನಗೆ ನಮಸ್ಕಾರ ಹೇಳಿದ್ದಾಳೆ, ಭಾವನ ಮುಖ ನೋಡಿ ಯಾವ ಕಾಲವಾಯಿತು ಎಂದೂ ಹೇಳಿದ್ದಾಳೆ. ಕಡಲು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಪ್ರೀತಿಯ,
ಪುಟ್ಟಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಡಿಸಿದೆ. ಅಪ್ಪಣೆಗೆ ಉತ್ತರ ಕೊಟ್ಟಿಲ್ಲ ಅಂತ ನಿನಗೆ ಗೊತ್ತಾಗಿಯೇ ಇರುತ್ತೆ. ಬೀರು ಖಾಲಿ ಮಾಡಿಲ್ಲ. ಸಂದುಗಳಿಗೆಲ್ಲ ಟೇಪು ಅಂಟಿಸಿ ಮುಚ್ಚಿದ್ದೇನೆ. ಕೋಟಿಗಾಗಿ ದಿನವೂ ತೆರೆದು ತೆರೆದು ಅವಳನ್ನು ಎಷ್ಟು ಖರ್ಚು ಮಾಡಿಬಿಟ್ಟೆನೋ ತಿಳಿಯದು. ಒಳಗೆ ಇನ್ನೂ ಉಳಿದಿದ್ದಾಳಾ ಅಂತ ನೋಡಲು ನನ್ನಿಂದ ಆಗುವುದಿಲ್ಲ. ಒಂದು ವಾಸನೆಯಲ್ಲೇ ಇರುವವರ ಮೂಗು ಅದನ್ನು ಮರೆತುಬಿಡುತ್ತೆ, ದೂರ ಹೋಗಿ ಬಹಳ ದಿನದ ಮೇಲೆ ಬಂದವರಿಗೇ ಸಿಗೋದು ಅಂತ ಮೇಡಂ ಹೇಳಿದರು. ಈ ಮನೆಯಲ್ಲಿ ಅಷ್ಟು ದಿನದಿಂದ ಇಲ್ಲದಿರುವವನು ನೀನೊಬ್ಬನೇ. ಆ ಒಪ್ಪಂದದ ಕಾಗದಕ್ಕೆ ಸಹಿ ಹಾಕಬೇಡ. ಬಾ ಅಪ್ಪಾ. ಟೇಪು ನೀನೇ ಕಿತ್ತು ಬಾಗಿಲು ತೆರೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅಮ್ಮ ಇದ್ದಾಳಾ ಅಂತ ನೋಡಿ ನನಗೆ ಹೇಳು.